ಅವ್ವನ ಸೀರೆಯ ಪೂಜೆಯಂಗಿ

ಸಿದ್ದಾಪುರ
೧೨ ನವೆಂಬರ್ ೧೯೬೬

ತಮ್ಮ ವೀರಪ್ಪನಿಗೆ ಅಕ್ಕ ನೀಲಗಂಗವ್ವನ ಆಶೀರ್ವಾದ.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಮ್ಮ ಸಾಲ್ವದೋರ್ ಪಾದ್ರಿಗಳು ಸಂತೆಪೇಟೆಯ ನಡುವೆ ಬರಿಮೈಯಲ್ಲಿ ನಿಂತಿದ್ದರು. ಸುತ್ತ ನಾಲ್ಕೂ ಕಡೆ ಗಾಜು. ಜನ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಅವ್ವ ಸೆರಗಿನಿಂದ ಆ ಗಾಜನ್ನು ಒರೆಸುತ್ತ, "ಇದಕ್ಕ ಬಾಗಿಲಾ ಎಲ್ಲೈತಿ ನೀಲವ್ವಾ" ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಹುಡುಕಿದೆ, ಹುಡುಕಿದೆ, ಬಾಗಿಲು ಸಿಗಲಿಲ್ಲ. ಎದ್ದವಳು ವಿಭೂತಿ ಹಚ್ಚಿಕೊಂಡು ಕೂತೆ. ಸೊಸೆ ಅನ್ನಪೂರ್ಣವ್ವ, "ಅತ್ತಿ, ರಾತ್ರಿ ಮಿರ್ಚಿ ತಿಂದ್ರಲ್ಲಾ, ಅದs ಕನಸು" ಎಂದಳು. ಇರಬಹುದು. ಆದರೆ ಕನಸು ಸುಮ್ಮನೆ ಬಿದ್ದದ್ದಲ್ಲ, ಕಾರಣ ಇದೆ, ಹೇಳುತ್ತೇನೆ. ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು, ಹಿಂದು ಮುಂದಾಗಿ ಬರೆದರೆ ಸರಿಮಾಡಿಕೊಂಡು ಓದು.

ಇಗರ್ಜಿಗೆ ಹೊಸ ಪಾದ್ರಿಗಳು ಬಂದಿದ್ದಾರೆ. ಮಂಗಳೂರು ಕಡೆಯವರು, ಚಿಕ್ಕ ವಯಸ್ಸು. ಈಗ ಅವರ ಪೂಜೆಯ ಪದ್ಧತಿಯೇ ಬದಲಾಗಿದೆಯಂತೆ. ಜನರ ಕಡೆ ಮುಖ ಮಾಡಿ ನಿಂತು, ಲ್ಯಾಟಿನ್ ಬಿಟ್ಟು, ನಮಗೆ ತಿಳಿಯುವ ಮಾತಿನಲ್ಲೇ ಮಾಡುತ್ತಾರೆ. ಅದು ಒಳ್ಳೆಯದೇ. ಆದರೆ ಹಳೆಯ ಪೂಜೆಯಂಗಿಗಳು ಇನ್ನು ಬೇಡವೆಂದು ಇಡೀ ಟ್ರಂಕನ್ನು ಹುಬ್ಬಳ್ಳಿಯ ಮ್ಯೂಜಿಯಂಗೆ ಕೊಟ್ಟುಬಿಟ್ಟಿದ್ದಾರೆ. ನಿನ್ನ ಸಾಹೇಬರು, ಆ ವರ್ತಕರು, ತಮ್ಮ ತಂದೆಯ ಹೆಸರಿನಲ್ಲಿ ಕಟ್ಟಿಸಿದ್ದಲ್ಲವೇ, ನೀನು ಪಟ್ಟೇವಾಲಾ ಆಗಿರುವ ಆ ಮ್ಯೂಜಿಯಂಗೇ. ಟ್ರಂಕಿನ ಜೊತೆ ಅವ್ವ ಹೊಲಿದ ಬದನೆಕಾಯಿ ಬಣ್ಣದ ಅಂಗಿಯೂ ಹೋಗಿದೆ. ನನಗೆ ತಿಳಿದದ್ದು ಹೋದ ಮೇಲೆ. ವರ್ಷಕ್ಕೊಮ್ಮೆ ಅದರ ಹೊಲಿಗೆ ನೋಡಲು ಹೋಗುತ್ತೇನಲ್ಲ, ಹಾಗೆ ಹೋದರೆ ಟ್ರಂಕಿನ ಜಾಗದಲ್ಲಿ ಕುರ್ಚಿ ಇತ್ತು.

ನಿನಗೆ ಇದೆಲ್ಲ ಅರ್ಧಂಬರ್ಧ ಗೊತ್ತು, ಪೂರ್ತಿ ಹೇಳಿಬಿಡುತ್ತೇನೆ. ನೀನು ತೊಟ್ಟಿಲ ಕೂಸಾಗಿದ್ದಾಗ ನಿನಗೂ ಅವ್ವನಿಗೂ ಚಳಿಜ್ವರ ಬಂತು. ಅಪ್ಪ ವೈದ್ಯರನ್ನು ಕರೆಯಲು ಸೊರಬಕ್ಕೆ ಹೋದವರು ಹೊಳೆ ಬಂದು ಆಚೆ ಉಳಿದುಬಿಟ್ಟರು. ಸಾಲ್ವದೋರ್ ಪಾದ್ರಿಗಳು ಹೆಗ್ಗರಣೆಯಲ್ಲಿ ಯಾರದೋ ಮನೆಯ ಜ್ವರ ನೋಡಿಕೊಂಡು ನಡೆದು ಬರುತ್ತಿದ್ದರು, ನಮ್ಮ ಬಾಗಿಲಲ್ಲಿ ನಾನು ಅಳುತ್ತ ನಿಂತದ್ದು ಕಂಡು ಒಳಗೆ ಬಂದರು. ಕ್ವಿನೈನು ಅರೆದು ಜೇನಿನಲ್ಲಿ ನೆಕ್ಕಿಸಿ ಜ್ವರ ಬಿಡುವ ತನಕ ಕಟ್ಟೆಯ ಮೇಲೇ ಕೂತಿದ್ದರು. ನೀನು ಉಳಿದೆ. ಅವ್ವ ಏನು ಕೊಟ್ಟರೂ ಅವರು ತೆಗೆದುಕೊಳ್ಳಲಿಲ್ಲ. ಕಡೆಗೆ ಅವ್ವ ತನ್ನ ಬದನೆಕಾಯಿ ಬಣ್ಣದ ಇಳಕಲ್ಲು ಸೀರೆಯನ್ನು ತಂದಿಟ್ಟಳು. ಪಾದ್ರಿಗಳು ನಕ್ಕು, "ತಾಯಿ, ನಾ ಸೀರಿ ಉಡೂದು ಹೆಂಗ?" ಎಂದರಂತೆ. ಅವ್ವ, "ನೀವು ಉಡೂ ಹಂಗ ಮಾಡಿ ಕೊಡ್ತೀನ್ರಿ" ಎಂದು ಇಗರ್ಜಿಯ ಹಳೆಯ ಅಂಗಿ ನೋಡಿಕೊಂಡು ಅದರಂತೆಯೇ ಕೈಯಲ್ಲಿ ಹೊಲಿದಳು. ತೋಳಿಲ್ಲ, ತಲೆಯಿಂದ ಇಳಿಬಿಡುವುದು, ಹಿಂದೆ ಒಂದು ಹಲಗೆ ಮುಂದೆ ಒಂದು ಹಲಗೆ ಇದ್ದಂತೆ. ಕೆಂಪು ಸೆರಗನ್ನು ಕತ್ತರಿಸಿ ಬೆನ್ನಿಗೆ ಶಿಲುಬೆ ಮಾಡಿದಳು.

ಅವರಲ್ಲಿ ಪಾದ್ರಿ ತೀರಿಕೊಂಡರೆ ಪೂಜೆಯಂಗಿ ತೊಡಿಸಿಯೇ ಮಣ್ಣು ಮಾಡುವುದು, ಅದೂ ಬದನೆಕಾಯಿ ಬಣ್ಣದ್ದು. ಪಾದ್ರಿಗಳು ಅವ್ವನಿಗೆ, "ಇದನ್ನ ಹಾಕ್ಕೊಂಡೇ ನಾ ಮಣ್ಣಿಗೆ ಹೋಗ್ತೀನಿ ತಾಯಿ" ಎಂದು ಮಾತು ಕೊಟ್ಟರು. ಅವ್ವ, "ಅಲ್ಲೀತನಕಾ ನಾ ಹರೀಗೊಡಂಗಿಲ್ರಿ" ಎಂದಳು. ಸಾಯುವಾಗ ಆ ಮಾತನ್ನು ನನ್ನ ಕೈಗೆ ಹಾಕಿ ಹೋದಳು.

ಈಗ ಸಾಲ್ವದೋರ್ ಪಾದ್ರಿಗಳಿಗೆ ಲಕ್ವ ಹೊಡೆದು ಮಾತು ನಿಂತಿದೆ. ಅಂಗಿ ಅಲ್ಲಿ ಇದೆಯೋ ಇಲ್ಲವೋ ನೋಡಿ ಕೂಡಲೇ ಬರೆ. ಹುಳ ಬಿದ್ದಿಲ್ಲವಷ್ಟೆ? ಬಿಸಿಲು ಬೀಳುವ ಕಡೆ ಇಟ್ಟಿಲ್ಲವಷ್ಟೆ?

ನಿನ್ನ ಅಕ್ಕ
ನೀಲಗಂಗವ್ವ

*

ಹುಬ್ಬಳ್ಳಿ
೨೧ ನವೆಂಬರ್ ೧೯೬೬

ಅಕ್ಕನಿಗೆ ವೀರಪ್ಪನ ನಮಸ್ಕಾರ.

ನಿನ್ನ ಪತ್ರ ಮುಟ್ಟಿತು. ಅಂಗಿ ಇದೆ. ನಾನೇ ದಿನಾ ಅದರ ಗಾಜು ಒರೆಸುತ್ತೇನೆ, ನಮ್ಮ ಅವ್ವನದು ಎಂದು ಗೊತ್ತಿರಲಿಲ್ಲ. ಹುಳ ಬಿದ್ದಿಲ್ಲ. ಡಾಂಬರು ಗುಳಿಗೆ ಹಾಕಿದ್ದಾರೆ. ಬಿಸಿಲೂ ಬೀಳುವುದಿಲ್ಲ, ಕಿಟಕಿಗೆ ಪರದೆ ಇದೆ.

ಸಾಹೇಬರು ಒಂದು ಕಟ್ಟಿಗೆಯ ಮೈ ಮಾಡಿಸಿ ಅದಕ್ಕೆ ತೊಡಿಸಿದ್ದಾರೆ. ಹೆಗಲ ತನಕ ಮಾತ್ರ ಇದೆ, ತಲೆ ಇಲ್ಲ. ಹಳ್ಳಿಯಿಂದ ಬಂದವರು ನೋಡಿ ನಗುತ್ತಾರೆ. ನಿನ್ನೆ ಒಬ್ಬ ಮುದುಕ, "ಏನಪಾ, ಈ ಸ್ವಾಮಿಗೋಳ ತಲಿ ಊಟಕ್ಕ ಹೋಗೇತೇನು?" ಎಂದು ನನ್ನನ್ನೇ ಕೇಳಿದ. ನಾನೂ ನಕ್ಕೆ. ಈಗ ನಿನ್ನ ಪತ್ರ ಓದಿದ ಮೇಲೆ ಯಾರು ನಕ್ಕರೂ ಮುಂದಕ್ಕೆ ನಡೆಯಿರಿ ಎನ್ನುತ್ತೇನೆ. ಪಕ್ಕದ ಚೀಟಿಯಲ್ಲಿ "ಪೂಜಾವಸ್ತ್ರ, ಗೋವೆ ಕಡೆಯದು, ಕಾಲ ತಿಳಿದಿಲ್ಲ" ಎಂದು ಬರೆದಿದೆ.

ಹೇಗೂ ಜೋಪಾನವಾಗಿದೆಯಲ್ಲ. ಇಗರ್ಜಿಯ ಟ್ರಂಕಿಗಿಂತ ಇಲ್ಲಿ ಚೆನ್ನಾಗಿದೆ. ನೀನು ಚಿಂತೆ ಬಿಡು. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ, ಇಂಥಾ ವಿಷಯ ಸಾಹೇಬರ ಮುಂದೆ ತೆಗೆಯಲು ಧೈರ್ಯ ಸಾಲದು.

ವೀರಪ್ಪ

*

ಸಿದ್ದಾಪುರ
೨ ಡಿಸೆಂಬರ್ ೧೯೬೬

ತಮ್ಮ ವೀರಪ್ಪನಿಗೆ,

ಜೋಪಾನವಾಗಿದೆ ಎಂದು ಬರೆದೆ. ಜೋಪಾನ ಯಾರಿಗೆ ಬೇಕಿತ್ತು? ಅದು ಮಣ್ಣಿಗೆ ಹೋಗಬೇಕಾದ ಬಟ್ಟೆ. ನಮ್ಮಲ್ಲಿ ಹೋದವರ ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು ಮಣ್ಣು ಕೊಡುತ್ತೇವೆ. ಯಾರಾದರೂ ಬಂದು ಲಿಂಗ ಬಲು ಹಳೆಯದು, ಚಂದ ಇದೆ, ಕಪಾಟಿನಲ್ಲಿಟ್ಟು ಜನರಿಗೆ ತೋರಿಸುತ್ತೇವೆ, ಅವರನ್ನು ಹಾಗೆಯೇ ಹೂಳಿರಿ ಎಂದರೆ ನೀನು ಸುಮ್ಮನಿರುತ್ತೀಯಾ? ಇದೂ ಅಂಥದೇ. ನನಗೆ ಬೇರೆ ರೀತಿ ಹೇಳಲು ಬಾರದು.

ನಾನು ಪಾದ್ರಿ ಬಂಗಲೆಗೆ ಹೋಗಿದ್ದೆ. ಅಡಿಗೆ ಮಾಡುವ ಹೊನ್ನಿ, "ಗಂಜಿನೂ ಇಳೀತಿಲ್ರಾ ಅಮ್ಮಾ, ತುಟಿ ಒದ್ದೆ ಮಾಡೂದಷ್ಟೇಯ" ಎಂದಳು. ಒಳಗೆ ಹೋಗಿ ಮಂಚದ ಪಕ್ಕ ನಿಂತೆ. ಪಾದ್ರಿಗಳಿಗೆ ನನ್ನ ಗುರುತು ಹತ್ತಿತು, ಕಣ್ಣು ಹಾಗೆ ಹೇಳಿತು. ಅವರ ಬಲಗೈ ಮಾತ್ರ ಆಡುತ್ತದೆ. ಆ ಕೈಯನ್ನು ಎದೆಯ ಮೇಲೆ ಮೇಲಿಂದ ಕೆಳಗೆ ಸವರಿಕೊಂಡರು, ಅಂಗಿ ತೊಟ್ಟು ಸುಕ್ಕು ಸರಿಮಾಡುವ ಹಾಗೆ. ಮತ್ತೆ ಸವರಿದರು. ನಾನು, "ಗೊತ್ತಾತ್ರಿ, ತರಿಸ್ತೀನ್ರಿ" ಎಂದುಬಿಟ್ಟೆ. ಹೊರಗೆ ಬಂದು ಹೊನ್ನಿಗೆ ಹೇಳಿದರೆ, "ಅದೆಂತದೂ ಅಲ್ರಾ, ದಿನಾ ಹಂಗೇ ಮಾಡ್ತ್ರು, ಸೊಳ್ಳೆ ಹೊಡ್ಕಳೂದು" ಎಂದಳು. ಡಿಸೆಂಬರಿನಲ್ಲಿ ಮಟಮಟ ಮಧ್ಯಾಹ್ನ ಎಲ್ಲಿಯ ಸೊಳ್ಳೆ?

ಹೊಸ ಪಾದ್ರಿಗಳ ಕಾಲಿಗೆ ಬೀಳುವುದೊಂದು ಬಾಕಿ. ಕೆಟ್ಟವರಲ್ಲ ಅವರು. ಸಮಾಧಾನದಿಂದ ಕೇಳಿಸಿಕೊಂಡರು. "ಅದು ಕೊಟ್ಟು ಆಯ್ತಲ್ಲ ಅಮ್ಮ. ಈಗ ವಾಪಸು ಕೇಳಿದ್ರೆ ಅವರು ಎಂತ ಎಣಿಸುದು? ಫಾದರಿಗೆ ಹೊಸ ಬಿಳಿದು ತರಿಸಿ ಇಟ್ಟಿದ್ದೇನೆ, ಚಂದ ಉಂಟು, ನೋಡ್ತೀರಾ?" ಎಂದು ತೆಗೆದು ತೋರಿಸಿದರು. ಚಂದವೇ ಇದೆ. ಆದರೆ ಮನುಷ್ಯ ಬದುಕಿರುವಾಗಲೇ ಅದನ್ನು ಇಸ್ತ್ರಿ ಮಾಡಿ ಪಕ್ಕದ ಕೋಣೆಯಲ್ಲಿ ತೂಗುಹಾಕಿದ್ದಾರೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನೀನು ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳು. ಓದಿದವರು, ಅವರಿಗೂ ತಾಯಿ ಇರುತ್ತಾಳೆ, ಕೇಳಿದರೆ ಕೊಡುತ್ತಾರೆ. ಆ ಜ್ವರದಲ್ಲಿ ಉಳಿದ ಕೂಸು ನಾನೇ ಎಂದು ಹೇಳು. ಮರೆಯಬೇಡ.

ನೀಲಗಂಗವ್ವ

*

ಹುಬ್ಬಳ್ಳಿ
೧೬ ಡಿಸೆಂಬರ್ ೧೯೬೬

ಅಕ್ಕಾ,

ನೀನು ಹೇಳಿದಂತೆ ಮಾಡಿದೆ. ಮಾಡಬಾರದಿತ್ತು.

ಸಾಹೇಬರು ಚಹಾ ಕುಡಿಯುವ ಹೊತ್ತು ನೋಡಿ ಎಲ್ಲ ಹೇಳಿದೆ. ಅವ್ವನ ಸೀರೆ, ಚಳಿಜ್ವರ, ಕ್ವಿನೈನು, ಪಾದ್ರಿಗಳ ಮಾತು, ಯಾವುದನ್ನೂ ಬಿಡಲಿಲ್ಲ. ಅವರು ಕಪ್ಪು ಕೆಳಗಿಟ್ಟು ಕೇಳಿದರು. ಕಣ್ಣಲ್ಲಿ ನೀರು ತಂದುಕೊಂಡರು, ಸುಳ್ಳಲ್ಲ. "ಆ ಕೂಸು ನೀನs ಏನು?" ಎಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ಕೊಟ್ಟೇಬಿಟ್ಟರು ಎಂದುಕೊಂಡೆ. ಅವರು ಎದ್ದು ಹೋಗಿ ಗಾಜಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ, "ಇಷ್ಟು ದಿನಾ ಇದು ಬರೇ ಅರಿವಿ ಇತ್ತು ವೀರಪ್ಪಾ. ಇವತ್ತ ಇದಕ್ಕ ಜೀವಾ ಬಂತು. ಇನ್ನ ಇದನ್ನ ಹ್ಯಾಂಗ ಬಿಡೂದು?" ಎಂದರು.

ನಾನು, "ಸಾಹೇಬ್ರ, ಪಾದ್ರಿಗೋಳು ಇನ್ನs ಅದಾರ್ರಿ, ಅವರ್ದs ಅದು" ಎಂದೆ. ಅವರು, "ಮಣ್ಣಾಗ ಹಾಕಿದರ ಗೆದ್ದಲಾ ತಿಂತಾವು. ಇಲ್ಲಿದ್ದರ ನಿಮ್ಮವ್ವನ ಹೆಸರು ನೂರು ವರ್ಷ ಇರತೈತಿ. ನೀನs ವಿಚಾರ ಮಾಡು" ಎಂದರು. ಅವರು ಹೇಳಿದ್ದೂ ತಪ್ಪೆನಿಸಲಿಲ್ಲ. ಚಹಾದ ಕಪ್ಪು ಎತ್ತಿಕೊಂಡು ಹೊರಗೆ ಬಂದೆ.

ಈಗ ಹೊಸ ಚೀಟಿ ಬರೆಸಿ, ಅಂಗಿಯನ್ನು ನಡುಕೋಣೆಗೆ ತಂದಿದ್ದಾರೆ. ಚೀಟಿಯಲ್ಲಿ ಅವ್ವನ ಹೆಸರು ಗುರುಶಾಂತವ್ವ ಎಂದು ದಪ್ಪ ಅಕ್ಷರದಲ್ಲಿದೆ. ದೊಡ್ಡವರು ಯಾರು ಬಂದರೂ ನನ್ನನ್ನು ಕೂಗಿ ಪಕ್ಕದಲ್ಲಿ ನಿಲ್ಲಿಸಿ, "ನೋಡ್ರಿ, ಇವನs ಆ ಕೂಸು" ಎನ್ನುತ್ತಾರೆ. ಅವರು ಒಮ್ಮೆ ಅಂಗಿ ನೋಡುತ್ತಾರೆ, ಒಮ್ಮೆ ನನ್ನನ್ನು ನೋಡುತ್ತಾರೆ. ನಿನ್ನೆ ಒಬ್ಬ ಹೆಂಗಸು ನನ್ನ ಕೈ ಮುಟ್ಟಿ ನೋಡಿದಳು.

ನಿನ್ನದೊಂದು ಫೋಟೋ ಇದ್ದರೆ ಕಳಿಸಬೇಕಂತೆ, ಗೋಡೆಗೆ ಹಾಕುತ್ತಾರಂತೆ.

ವೀರಪ್ಪ

*

ಸಿದ್ದಾಪುರ
೬ ಜನವರಿ ೧೯೬೭

ವೀರಪ್ಪನಿಗೆ,

ಫೋಟೋ ಇಲ್ಲ ಎಂದು ಹೇಳು.

ನಿನ್ನ ಮೇಲೆ ಸಿಟ್ಟಿಲ್ಲ. ಹೇಳು ಎಂದವಳು ನಾನೇ. ಸತ್ಯ ಹೇಳಿದರೆ ಬಿಡಿಸಿಕೊಳ್ಳಬಹುದು ಎಂದುಕೊಂಡೆ, ಸತ್ಯ ಹೇಳಿದ್ದಕ್ಕೇ ಅದು ಇನ್ನಷ್ಟು ಗಟ್ಟಿಯಾಗಿ ಸಿಕ್ಕಿಬಿತ್ತು. ಅವ್ವ ಇದ್ದಿದ್ದರೆ, ನಿಮ್ಮಿಬ್ಬರಿಗೂ ಬುದ್ಧಿ ಅಂಬೋದು ಎಲ್ಲೈತಿ ಎಂದು ಬೈಯುತ್ತಿದ್ದಳು.

ಈ ಪತ್ರ ನಾಗಪ್ಪನ ಕೈಯಲ್ಲಿ ಕಳಿಸಿದ್ದೇನೆ. ಶಿರಸಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್, ನಿನಗೂ ಗುರುತು ಇದ್ದಾನೆ. ಜೊತೆಗೆ ಒಂದು ಗಂಟು ಇದೆ. ಮನೆಯಲ್ಲೇ ಬಿಚ್ಚು, ಹೆಂಡತಿಯ ಮುಂದೆಯೂ ಬೇಡ. ಅದರಲ್ಲಿ ಅಂಥದೇ ಅಂಗಿ ಇದೆ. ನಾನು ಹೊಲಿದದ್ದು. ಅಷ್ಟು ವರ್ಷ ಆ ಅಂಗಿಯ ಹೊಲಿಗೆ ನೋಡಿದವಳು, ಅಳತೆ ನನ್ನ ಕೈಯಲ್ಲೇ ಇದೆ. ಬಟ್ಟೆ ಎಲ್ಲಿಂದ ತಂದೆ ಎಂದು ಕೇಳಬೇಡ, ನಮ್ಮನೆಯ ಟ್ರಂಕಿನಲ್ಲಿ ಹಳೆಯದೊಂದು ಬಿದ್ದಿತ್ತು. ಅಂಟುವಾಳದಲ್ಲಿ ತೊಳೆದು ತೊಳೆದು ಬಿಸಿಲಿಗೆ ಹಾಕಿ ಬಣ್ಣ ಇಳಿಸಿದೆ. ಇಗರ್ಜಿಯ ಧೂಪದ ವಾಸನೆ ಬರಬೇಕಲ್ಲ, ಅದಕ್ಕೆ ಲೋಬಾನದ ಹೊಗೆ ಕೊಟ್ಟೆ. ಅವ್ವನದರಲ್ಲಿ ಕೊರಳಿನ ಹತ್ತಿರ ಬೆವರಿನ ಕಲೆ ಇತ್ತು, ಇದಕ್ಕೂ ಅಂಥದೇ ಕಲೆ ಬರಲೆಂದು ಚಹಾದ ನೀರು ಹಚ್ಚಿದೆ. ಅನ್ನಪೂರ್ಣವ್ವ ನೋಡಿ, "ಹೊಸಾ ಅಂಗಿ ಹೊಲದು ಹಳೇದು ಮಾಡಾಕ ಕುಂತೀರಲ್ಲಾ ಅತ್ತಿ, ನಿಮ್ಮ ಮೊಮ್ಮಗನ ಚಡ್ಡಿ ತಾನs ಹಳೇದಾಗೇತಿ, ಅದನ್ನೊಂದೀಟು ಹೊಸಾದು ಮಾಡ್ರಿ" ಎಂದಳು. ನಾಟಕದವರಿಗೆ ಎಂದು ಸುಳ್ಳು ಹೇಳಿದೆ.

ನೀನು ಮಾಡಬೇಕಾದದ್ದು ಇಷ್ಟೇ. ಸೋಮವಾರ ಮ್ಯೂಜಿಯಂ ಮುಚ್ಚಿ ಗಾಜಿನ ಪೆಟ್ಟಿಗೆಗಳನ್ನು ತೆರೆದು ಧೂಳು ಹೊಡೆಯುತ್ತೇವೆ ಎಂದು ಹಿಂದೆ ಹೇಳಿದ್ದೆಯಲ್ಲ. ಆಗ ಅದನ್ನು ತೆಗೆದು ಇದನ್ನು ತೊಡಿಸು. ನಿನ್ನ ಸಾಹೇಬರಿಗೆ ನೋಡಲು ಒಂದು ಅಂಗಿ ಬೇಕು, ಇದೆ. ನೂರು ವರ್ಷ ಅವ್ವನ ಹೆಸರು ಬೇಕು, ಅದೂ ಇರಲಿ. ಯಾರಿಗೂ ಏನೂ ಕಮ್ಮಿಯಾಗುವುದಿಲ್ಲ.

ಇದು ಕಳ್ಳತನವೋ ಅಲ್ಲವೋ ಎಂದು ದಿನಾ ಹತ್ತು ಸಲ ಮನಸ್ಸಿಗೆ ಬರುತ್ತದೆ. ನಿನ್ನ ನೌಕರಿ ಹೋದರೆ ನಿನ್ನ ಮಕ್ಕಳ ಗತಿ ಏನು ಎಂದೂ ಬರುತ್ತದೆ. ಬೇಡ ಎಂದು ಬರೆಯೋಣವೆಂದು ಕೂರುತ್ತೇನೆ. ಆಗ ಪಾದ್ರಿಗಳ ಆ ಕೈ ಕಣ್ಣ ಮುಂದೆ ಬರುತ್ತದೆ. ಮಾಡುವುದಾದರೆ ಬೇಗ ಮಾಡು. ನಿನ್ನೆಯಿಂದ ಅವರು ಕಣ್ಣು ತೆರೆದಿಲ್ಲ.

ನೀಲಗಂಗವ್ವ

*

ಹುಬ್ಬಳ್ಳಿ
೨೩ ಜನವರಿ ೧೯೬೭

ಅಕ್ಕಾ,

ಕೆಲಸ ಆಯಿತು. ಬರುವ ಶನಿವಾರ ನಾಗಪ್ಪನ ಕೈಯಲ್ಲಿ ಕಳಿಸುತ್ತೇನೆ. ಯಲ್ಲಾಪುರದ ಮೇಲೆ ಬರುವ ಬಸ್ಸು. ಶಿರಸಿ ಸ್ಟ್ಯಾಂಡಿನಲ್ಲಿ ನೀನೇ ಬಂದು ತೆಗೆದುಕೋ, ಬೇರೆಯವರನ್ನು ಕಳಿಸಬೇಡ. ಈ ವಿಷಯ ಇನ್ನು ಕಾಗದದಲ್ಲಿ ಬರೆಯಬೇಡ.

ಮಕ್ಕಳು ಆರಾಮ.

ವೀರಪ್ಪ

*

ಸಿದ್ದಾಪುರ
೪ ಫೆಬ್ರುವರಿ ೧೯೬೭

ತಮ್ಮ ವೀರಪ್ಪನಿಗೆ,

ಬರೆಯಬೇಡ ಎಂದೆ, ಬರೆಯದೆ ಇರಲಾಗುವುದಿಲ್ಲ. ಓದಿ ಒಲೆಗೆ ಹಾಕು.

ಪಾದ್ರಿಗಳು ಹೋದರು. ನಾನು ಶಿರಸಿಯಲ್ಲಿ ಬಸ್ಸು ಕಾಯುತ್ತ ಕೂತಿದ್ದಾಗಲೇ ಹೋಗಿದ್ದಾರೆ, ನನಗೆ ತಿಳಿಯದು. ನಾಗಪ್ಪನ ಬಸ್ಸು ಯಲ್ಲಾಪುರದ ಹತ್ತಿರ ಕೆಟ್ಟು ನಿಂತಿತ್ತಂತೆ. ಅವನು ಇಳಿದವನೇ, "ತಗೋರಿ ನಿಮ್ಮ ಗಂಟು, ದಾರಿತುಂಬಾ ಲೋಬಾನದ ವಾಸನಿ, ಮಂದಿ ನನ್ನ ಫಕೀರ ಅಂದ್ರು" ಎಂದು ನಕ್ಕ. ಗಂಟನ್ನು ಮಡಿಲಲ್ಲಿಟ್ಟುಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ. ಬಿಚ್ಚಲಿಲ್ಲ. ಜನರಿದ್ದರು, ಹೆದರಿಕೆ ಇತ್ತು. ಬಂಗಲೆಯ ಮುಂದೆ ಇಳಿದರೆ ಆಗಲೇ ಗಂಟೆ ಹೊಡೆಯುತ್ತಿದ್ದರು.

ಹೊಸ ಪಾದ್ರಿಗಳು ಬಾಗಿಲಲ್ಲಿದ್ದರು. ಮ್ಯೂಜಿಯಂನವರು ಮರುಗಿ ತಿರುಗಿ ಕೊಟ್ಟಿದ್ದಾರೆ ಎಂದೆ. ಸುಳ್ಳು ಎಂದು ಅವರಿಗೆ ಅನ್ನಿಸಿರಬೇಕು, ನನ್ನ ಮುಖವನ್ನೇ ನೋಡಿದರು. ಆಮೇಲೆ, "ಆಯ್ತು ಕೊಡಿ ಅಮ್ಮ, ಇನ್ನೂ ತೊಡಿಸಿ ಆಗಲಿಲ್ಲ" ಎಂದು ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತೊಡಿಸುವುದು ಅವರ ಗಂಡಸರ ಕೆಲಸ. ನಾನು ಹೊರಗೆ ಹೊನ್ನಿಯ ಪಕ್ಕ ಕೂತೆ. ಅವಳು, "ಬಂತಲ್ರಾ ಅಂತೂ, ಇನ್ನಾರೂ ಒಂದ್ ಲೋಟ ಚಾ ಕುಡೀರಿ" ಎಂದಳು. ಕುಡಿದೆ. ಅಷ್ಟು ಸಮಾಧಾನ ಎಷ್ಟೋ ವರ್ಷದಿಂದ ಇರಲಿಲ್ಲ.

ಆ ಸಮಾಧಾನ ಅವರನ್ನು ಇಗರ್ಜಿಗೆ ತರುವ ತನಕ ಇತ್ತು.

ಎಲ್ಲರೂ ಸಾಲಾಗಿ ಹೋಗಿ ಮುಖ ನೋಡಿದರು. ನಾನೂ ಹೋದೆ. ಅಂಗಿ ತೊಟ್ಟು ಮಲಗಿದ್ದರು, ಎರಡು ಕೈ ಎದೆಯ ಮೇಲೆ. ಬಾಗಿಲಿನಿಂದ ಬಿಸಿಲು ಬಂದು ನೇರ ಅಂಗಿಯ ಮೇಲೆ ಬಿದ್ದಿತ್ತು. ಬದನೆಕಾಯಿ ಬಣ್ಣ ಮಿಂಚಿತು. ಅವ್ವನದು ಹಾಗೆ ಮಿಂಚುತ್ತದೆಯೇ? ಅದು ಮಾಸಿ ಎಷ್ಟು ಕಾಲವಾಯಿತು. ಅಥವಾ ಮಸುಕು ಕೋಣೆಯಲ್ಲೇ ನೋಡಿದ ನನ್ನ ಕಣ್ಣಿಗೆ ಬಿಸಿಲಲ್ಲಿ ಹಾಗೆ ಕಂಡಿತೇ? ನಾನು ಬಗ್ಗಿದೆ. ಹಿಂದಿದ್ದವಳು, "ಮುಂದ ಸರೀರಿ ಅವ್ವಾ" ಎಂದು ಬೆನ್ನಿಗೆ ಕೈಹಚ್ಚಿದಳು. ಸರಿದೆ. ಮತ್ತೆ ಹೋಗೋಣವೆಂದರೆ ಮುಚ್ಚಳ ಹಾಕಿಬಿಟ್ಟಿದ್ದರು. ಸುತ್ತಿಗೆಯ ಸದ್ದು ಇನ್ನೂ ಕಿವಿಯಲ್ಲಿದೆ.

ಇನ್ನೊಂದು ಮಾತು. ನಾಗಪ್ಪ ಲೋಬಾನದ ವಾಸನೆ ಎಂದನಲ್ಲ. ನೀನು ಡಾಂಬರು ಗುಳಿಗೆ ಹಾಕಿದ್ದಾರೆ ಎಂದು ಬರೆದಿದ್ದೆ. ಮ್ಯೂಜಿಯಂನಿಂದ ಬಂದದ್ದಾದರೆ ಗುಳಿಗೆಯ ವಾಸನೆ ಬರಬೇಕಿತ್ತು. ಆದರೆ ಅವನು ನನ್ನ ಗಂಟನ್ನು ತಂದ ಅದೇ ಚೀಲದಲ್ಲಿ ನೀನೂ ಹಾಕಿ ಕಳಿಸಿದ್ದರೆ ಲೋಬಾನವೂ ಬರಬಹುದು. ಹೀಗೆ ಅಂದರೆ ಹೀಗೆ, ಹಾಗೆ ಅಂದರೆ ಹಾಗೆ. ತಲೆ ಕೆಟ್ಟುಹೋಗಿದೆ.

ನೀನು ಕಳಿಸಿದ್ದು ಅವ್ವನದೇ ಹೌದಲ್ಲ? ಎರಡೂ ಒಂದೇ ಥರ ಕಾಣುವ ಹಾಗೆ ಹೊಲಿದೆ, ಗುರುತಿಗೆ ಏನನ್ನೂ ಬಿಡಲಿಲ್ಲ. ಈಗ ಕೂತು ಯೋಚಿಸಿದರೆ ಒಂದು ಇದೆ. ಅವ್ವ ಊಟ ಮಾಡುವುದು ಬಲಗೈಯಲ್ಲಿ, ಸೂಜಿ ಹಿಡಿಯುವುದು ಎಡಗೈಯಲ್ಲಿ. ಅವಳು ಅಂಚು ಮಡಚಿ ಹೊಲಿದರೆ ಹೊಲಿಗೆ ಎಡಕ್ಕೆ ವಾಲುತ್ತದೆ. ನನ್ನದು ಎಲ್ಲರಂತೆ ಬಲಕ್ಕೆ. ನಿಮ್ಮಲ್ಲಿ ನಿಂತಿರುವ ಅಂಗಿಯ ಅಂಚಿನ ಹೊಲಿಗೆ ಯಾವ ಕಡೆ ವಾಲಿದೆ ನೋಡು. ಬಲಕ್ಕೆ ಇದ್ದರೆ ಅದು ನಾನು ಹೊಲಿದದ್ದು, ಅವ್ವನದು ಪಾದ್ರಿಗಳ ಜೊತೆ ಹೋಯಿತು. ಅಷ್ಟು ನೋಡಿ ಬರೆದರೆ ನಾನು ನೆಟ್ಟಗೆ ಒಂದು ತುತ್ತು ಉಣ್ಣುತ್ತೇನೆ.

ನೀಲಗಂಗವ್ವ

*

ಹುಬ್ಬಳ್ಳಿ
೨೦ ಫೆಬ್ರುವರಿ ೧೯೬೭

ಅಕ್ಕಾ,

ಪಾದ್ರಿಗಳು ಹೋದ ಸುದ್ದಿ ಓದಿ ಮನೆಯಲ್ಲಿ ಯಾರಿಗೂ ಹೇಳದೆ ಹಿತ್ತಲಲ್ಲಿ ಕೂತಿದ್ದೆ. ನನಗೆ ಅವರ ಮುಖವೇ ಸರಿಯಾಗಿ ನೆನಪಿಲ್ಲ.

ನೋಡಿದೆ. ಹೊಲಿಗೆ ಬಲಕ್ಕೆ ವಾಲಿದೆ. ಅಲ್ಲಿಗೆ ಮುಗಿಯಿತು. ನೀನು ಉಣ್ಣು.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ನೀನು ಕೇಳಿಯೇ ಕೇಳುತ್ತೀಯ, ಆಗ ಸುಳ್ಳು ಹೇಳಲು ನನಗೆ ಬಾರದು. ಆ ಸೋಮವಾರ ಪೆಟ್ಟಿಗೆ ತೆರೆದು ಅದನ್ನು ತೆಗೆದೆ, ಮೇಜಿನ ಮೇಲೆ ಹಾಸಿದೆ. ನೀನು ಕಳಿಸಿದ್ದನ್ನೂ ಪಕ್ಕದಲ್ಲೇ ಹಾಸಿದೆ. ಎರಡನ್ನೂ ನೋಡುತ್ತ ನಿಂತುಬಿಟ್ಟೆ ಅಕ್ಕಾ, ಅಷ್ಟು ಒಂದೇ ಥರ ಇದ್ದವು. ಕೊರಳ ಕಲೆ ಸಹಿತ. ತಿರುವಿ ನೋಡಿದೆ, ಮತ್ತೆ ತಿರುವಿದೆ. ಅಷ್ಟರಲ್ಲಿ ಸಾಹೇಬರ ಬೂಟಿನ ಸದ್ದು ಕೇಳಿತು. ಸೋಮವಾರ ಅವರು ಬರುವವರಲ್ಲ. ಕೈಗೆ ಸಿಕ್ಕಿದ್ದನ್ನು ಮೇಜಿನ ಕೆಳಗೆ ಚೀಲಕ್ಕೆ ತುರುಕಿದೆ. ಅವರು ಬಂದು, "ಧೂಳಾ ಹೊಡದ್ಯಾ? ಕೊಡು ಇಲ್ಲೆ, ನಾನs ತೊಡಿಸ್ತೀನಿ" ಎಂದು ಉಳಿದದ್ದನ್ನು ಎರಡು ಕೈಯಲ್ಲಿ ಎತ್ತಿ, ದೇವರಿಗೆ ತೊಡಿಸುವ ಹಾಗೆ ತೊಡಿಸಿದರು. ಚೀಲದಲ್ಲಿ ಇದ್ದದ್ದು ಅವ್ವನದೇ ಎಂದು ಆಗ ನನಗೆ ಖಾತ್ರಿ ಇತ್ತು. ಆಮೇಲೆ ಖಾತ್ರಿ ಇರಲಿಲ್ಲ. ಈಗ ಹೊಲಿಗೆ ನೋಡಿದ ಮೇಲೆ ಮತ್ತೆ ಇದೆ.

ನೀನು ಬರೆದ ದಿನವೇ ನೋಡಲಾಗಲಿಲ್ಲ. ನನ್ನನ್ನು ಒಳಗಿನಿಂದ ತೆಗೆದು ಗೇಟಿಗೆ ಹಾಕಿದ್ದಾರೆ. ಏನೂ ಗೊತ್ತಾಗಿಲ್ಲ, ಹೆದರಬೇಡ. ಜನ ಅಂಗಿಗಿಂತ ಹೆಚ್ಚು ನನ್ನನ್ನೇ ಮಾತಾಡಿಸುತ್ತಾರೆ, ಗದ್ದಲವಾಗುತ್ತದೆ ಎಂದು ಸಾಹೇಬರಿಗೆ ಬೇಸರ ಬಂತು. ಪೆಟ್ಟಿಗೆಗಳ ಕೀಲಿ ಈಗ ಬೇರೆಯವನ ಹತ್ತಿರ ಇದೆ. ರವಿವಾರ ಜನರ ಜೊತೆ ಒಳಗೆ ಹೋದೆ. ಈಗ ಹಿಂದಿನ ಶಿಲುಬೆಯೂ ಕಾಣಲಿ ಎಂದು ಅಂಗಿಯ ಬೆನ್ನಿಗೆ ದೊಡ್ಡದೊಂದು ಕನ್ನಡಿ ನಿಲ್ಲಿಸಿದ್ದಾರೆ. ಚೆನ್ನಾಗಿ ಕಾಣುತ್ತದೆ. ಶಿಲುಬೆ ನೋಡುವವನ ಹಾಗೆ ಕುಕ್ಕರಗಾಲಲ್ಲಿ ಕೂತು ಅಂಚು ನೋಡಿದೆ. ಬಲಕ್ಕೇ ವಾಲಿದೆ.

ಇನ್ನು ಇದನ್ನು ಬಿಡು.

ವೀರಪ್ಪ

*

ಸಿದ್ದಾಪುರ
೧ ಮಾರ್ಚ್ ೧೯೬೭

ತಮ್ಮ ವೀರಪ್ಪನಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರದ ಮೊದಲ ನಾಲ್ಕು ಸಾಲು ಓದಿ ನಿಜಕ್ಕೂ ಉಂಡೆ. ಅನ್ನಪೂರ್ಣವ್ವ, "ಅತ್ತಿ ಇವತ್ತ ಎರಡನೇ ಸಲಾ ಸಾರು ಹಾಕಿಸಿಕೊಂಡ್ರು, ಬರ್ರಿ ನೋಡಬರ್ರಿ" ಎಂದು ಮಗನನ್ನು ಅಂಗಡಿಯಿಂದ ಕರೆದಳು. ಉಂಡು ಕೈತೊಳೆದು ಉಳಿದ ಪತ್ರ ಓದಿದೆ.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಆ ಎರಡನೆಯ ಅಂಗಿ ಟ್ರಂಕಿನಲ್ಲಿ ಬಿದ್ದಿದ್ದ ಯಾವುದೋ ಬಟ್ಟೆಯದಲ್ಲ. ನನ್ನ ಧಾರೆ ಸೀರೆ. ಅವ್ವ ತನ್ನಂಥದೇ ಬಣ್ಣ, ತನ್ನಂಥದೇ ಸೆರಗು ಹುಡುಕಿ ತಂದದ್ದು, ಅದಕ್ಕೇ ಎರಡೂ ಅಷ್ಟು ಕೂಡಿದವು. ನಿನ್ನ ಭಾವ ಹೋದ ಮೇಲೆ ನಾನು ಅದನ್ನು ಉಟ್ಟಿಲ್ಲ. ನಾನು ಹೋದಾಗ ಅದನ್ನೇ ಹೊದಿಸಿರಿ ಎಂದು ಮಗನಿಗೆ ಹೇಳಿ ಮಡಚಿಟ್ಟಿದ್ದೆ. ಇದನ್ನು ಮೊದಲೇ ಹೇಳಿದ್ದರೆ ನೀನು ಕತ್ತರಿ ಹಾಕಲು ಬಿಡುತ್ತಿರಲಿಲ್ಲ. ಮಗ ಕೇಳಿದರೆ ಏನು ಹೇಳಬೇಕೋ ಇನ್ನೂ ಗೊತ್ತಿಲ್ಲ.

ಅದು ಗಾಜಿನಲ್ಲಿದ್ದರೆ ಇರಲಿ. ನನಗೆ ಅದರ ಆಸೆ ಇಲ್ಲ. ಜನ ನೋಡಲಿ, ನಗಲಿ, ಅವ್ವನ ಹೆಸರಿನ ಕೆಳಗೆ ನನ್ನ ಸೀರೆ ನಿಂತಿರಲಿ. ಆದರೆ ಪಾದ್ರಿಗಳ ಮೈಮೇಲೆ ಇರುವುದೇ ನನ್ನದಾದರೆ ಏನಾಯಿತು ನೋಡು. ಅವ್ವನ ಮಾತೂ ಹೋಯಿತು, ಅವರ ಮಾತೂ ಹೋಯಿತು, ಯಾರಿಗೂ ಮಾತು ಕೊಡದ ನನ್ನ ಸೀರೆ ಮಣ್ಣು ಸೇರಿತು. ಮತ್ತೆ ತೆಗೆಯುವ ಹಾಗಿಲ್ಲ, ಮತ್ತೆ ಹಾಕುವ ಹಾಗಿಲ್ಲ. ನಿನ್ನೆ ಸಮಾಧಿಯ ಹತ್ತಿರ ಹೋಗಿದ್ದೆ. ಮಣ್ಣು ಇನ್ನೂ ಹಸಿ ಇದೆ, ಹೊನ್ನಿ ಒಂದು ಚೆಂಡುಹೂವಿನ ಗಿಡ ನೆಟ್ಟಿದ್ದಾಳೆ. ಏನನ್ನು ಕೇಳಲಿ, ಯಾರನ್ನು ಕೇಳಲಿ? ಗಿಡಕ್ಕೆ ಒಂದು ಚೆಂಬು ನೀರು ಹಾಕಿ ಬಂದೆ.

ಗೊತ್ತಾಗಿ ಏನು ಮಾಡುತ್ತೀ ಎಂದು ನೀನು ಕೇಳಬಹುದು. ಏನೂ ಮಾಡುವುದಿಲ್ಲ. ಮಾಡಲು ಏನೂ ಉಳಿದಿಲ್ಲ. ಅವ್ವ ಕನಸಿನಲ್ಲಿ ಬಂದು ಕೇಳಿದರೆ ಹೌದು ಎನ್ನಬೇಕೋ ಇಲ್ಲ ಎನ್ನಬೇಕೋ, ಅಷ್ಟಾದರೂ ನನಗೆ ತಿಳಿದಿರಬೇಡವೇ?

ನಿನ್ನ ಪತ್ರ ಹಿಡಿದುಕೊಂಡು ನಮ್ಮ ಗೋಡೆಯ ಕನ್ನಡಿಯ ಮುಂದೆ ನಿಂತೆ. ನನ್ನ ಸೆರಗು ಎಡ ಹೆಗಲ ಮೇಲಿತ್ತು. ಕನ್ನಡಿಯೊಳಗಿದ್ದವಳ ಸೆರಗು ಬಲಗಡೆ ಇತ್ತು. ಸೀರೆಯೊಳಗೆ ಉಡಲು ನಾನೇ ಹೊಲಿದ ಪರಕಾರವೊಂದನ್ನು ತಂದು ಹಿಡಿದು ನೋಡಿದೆ. ಬಲಕ್ಕೆ ವಾಲಿದ ನನ್ನ ಹೊಲಿಗೆ ಕನ್ನಡಿಯಲ್ಲಿ ಎಡಕ್ಕೆ ವಾಲಿತು. ಹಾಗಾದರೆ ಅವ್ವನದು ಕನ್ನಡಿಯಲ್ಲಿ ಬಲಕ್ಕೆ ಕಾಣಬೇಕು. ಪರಕಾರ ಕೆಳಗಿಟ್ಟು ಈ ಪತ್ರ ಬರೆಯಲು ಕೂತೆ.

ಕೀಲಿ ನಿನ್ನ ಕೈಯಲ್ಲಿಲ್ಲ ಎಂದು ಗೊತ್ತು. ಪೆಟ್ಟಿಗೆ ತೆರೆಯಬೇಡ, ಯಾರನ್ನೂ ಕೇಳಬೇಡ, ನೌಕರಿಗೆ ಕುತ್ತು ತಂದುಕೊಳ್ಳಬೇಡ. ಬರುವ ರವಿವಾರ ಜನರ ಜೊತೆ ಒಳಗೆ ಹೋಗು. ನೀನು ಬಲಕ್ಕೆ ವಾಲಿದೆ ಎಂದು ನೋಡಿದ್ದು ಕನ್ನಡಿಯೊಳಗಿನ ಅಂಚನ್ನೋ, ಅಂಗಿಯ ಅಂಚನ್ನೋ? ಅದೊಂದನ್ನು ಇನ್ನೊಮ್ಮೆ ನೋಡಿ ಬರೆ.

ನೀಲಗಂಗವ್ವ